ಲೇಸರ್ ಬಿಸಿ ಮಿದುಳಿನಲ್ಲಿ ಎಲ್ಲಿಯವರೆಗೆ ಹರಡುತ್ತದೆ? ಕಂಪ್ಯೂಟರ್ ಲೆಕ್ಕವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಜೇವರ್ಗಿ ಹತ್ತಿರ ಇರುವ ನನ್ನ ಸೋದರಮಾವನಿಗೆ ಮಿದುಳಿನ ಒಳಭಾಗದಲ್ಲಿ ಗಡ್ಡೆ ಇದೆ. ತಲೆ ತೆರೆದು ತೆಗೆಯುವುದು ಕಷ್ಟ, ಲೇಸರ್‌ನಿಂದ ಸುಡುವುದೂ ಒಂದು ದಾರಿ ಎಂದು ಹೈದರಾಬಾದಿನ ಡಾಕ್ಟರು ಹೇಳಿದರು. ಬೇರೆ ರೋಗಿಯೊಬ್ಬರ ಬಣ್ಣಬಣ್ಣದ ಚಿತ್ರವನ್ನೂ ಕಂಪ್ಯೂಟರಿನಲ್ಲಿ ತೋರಿಸಿದರು. ಆ ಬಣ್ಣ ನಿಜವಾಗಿ ಅಳೆದದ್ದೋ, ಕಂಪ್ಯೂಟರ್ ಲೆಕ್ಕ ಹಾಕಿದ್ದೋ? ಲೆಕ್ಕ ಹಾಕಲು ಬರುವುದಾದರೆ ಎಷ್ಟು ವಾಟ್, ಎಷ್ಟು ನಿಮಿಷ ಎಂದು ಮೊದಲೇ ನಿಗದಿ ಮಾಡಿ ಮುಗಿಸಬಾರದೇ? ಎಂಆರ್‌ಐ ಒಳಗೇ ಏಕೆ ಮಾಡಬೇಕು? ಇದನ್ನೇ ನನ್ನ ಪ್ರಾಜೆಕ್ಟ್ ಮಾಡಿಕೊಳ್ಳಬಹುದೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ದೇಹದೊಳಗೆ ಶಾಖ ಹೇಗೆ ಹರಿಯುತ್ತದೆ ಎಂಬ ಲೆಕ್ಕ ನನ್ನ ಕೆಲಸ. ಮಾವನವರಿಗೆ ಈ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಅವರ ನ್ಯೂರೋಸರ್ಜನ್ನೇ ಹೇಳಬೇಕು. ಆದರೆ ನೀವು ಕೇಳಿದ ಮೂರು ಪ್ರಶ್ನೆಗಳೂ ನನ್ನ ಅಂಗಳಕ್ಕೇ ಬರುತ್ತವೆ.

ಬಣ್ಣದ ಚಿತ್ರದಿಂದ ಶುರು ಮಾಡೋಣ. ಬಣ್ಣ ಅಳೆದದ್ದು. ಅದರ ಮೇಲೆ ಎಳೆದ ಗೆರೆ ಲೆಕ್ಕ ಹಾಕಿದ್ದು. ಎರಡೂ ಒಂದೇ ಪರದೆಯ ಮೇಲೆ ಕಾಣುವುದರಿಂದ ಎಲ್ಲವೂ ಒಂದೇ ಅನ್ನಿಸುತ್ತದೆ.

ಚಿಕಿತ್ಸೆ ನಡೆಯುವುದು ಹೀಗೆ. ತಲೆಬುರುಡೆಯಲ್ಲಿ ಕೆಲವೇ ಮಿಲಿಮೀಟರ್ ಅಗಲದ ತೂತು ಮಾಡಿ, ಗಡ್ಡೆಯ ನಡುವಿನವರೆಗೆ ಒಂದು ಸಣ್ಣ ಫೈಬರ್, ಅಂದರೆ ಬೆಳಕು ಸಾಗಿಸುವ ಎಳೆ, ಇಳಿಸುತ್ತಾರೆ. ಅದರ ತುದಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೊರಬರುತ್ತದೆ. ಹೆಚ್ಚಾಗಿ ಬಳಸುವ ಎರಡು ಯಂತ್ರಗಳಲ್ಲಿ ವಿಸುವಲೇಸ್ 980 ನ್ಯಾನೋಮೀಟರ್ ಬೆಳಕು ಕೊಡುತ್ತದೆ, ಫೈಬರ್ ಸುತ್ತ ಸಲೈನ್ ಹರಿಸಿ ತಂಪು ಮಾಡುತ್ತದೆ. ನ್ಯೂರೋಬ್ಲೇಟ್ 1064 ನ್ಯಾನೋಮೀಟರ್ ಬೆಳಕು ಕೊಡುತ್ತದೆ, ತಂಪಿಗೆ ಕಾರ್ಬನ್ ಡೈಆಕ್ಸೈಡ್ ಅನಿಲ ಬಳಸುತ್ತದೆ. ಶಕ್ತಿ ಹತ್ತು-ಹದಿನೈದು ವಾಟ್ ಆಸುಪಾಸು ಅಷ್ಟೆ. ಮನೆಯ ಎಲ್‌ಇಡಿ ಬಲ್ಬ್ ಎಳೆಯುವಷ್ಟು ಕರೆಂಟು! ಆದರೆ ಅದೆಲ್ಲವೂ ಪೆನ್ಸಿಲ್ ಮೊನೆಯಷ್ಟು ಜಾಗದಿಂದ ಹೊರಬರುತ್ತದೆ, ಕಷ್ಟ ಇರುವುದು ಅಲ್ಲೇ.

ಈಗ ಎಂಆರ್‌ಐ ಬಿಸಿಯನ್ನು ಅಳೆಯುವುದು ಹೇಗೆ? ಎಂಆರ್‌ಐ ನೋಡುವುದು ನೀರಿನಲ್ಲಿರುವ ಹೈಡ್ರೋಜನ್‌ನ ಸಿಗ್ನಲ್ಲನ್ನು. ನೀರು ಬಿಸಿಯಾದಂತೆ ಆ ಸಿಗ್ನಲ್ಲಿನ ಫ್ರೀಕ್ವೆನ್ಸಿ ಸ್ವಲ್ಪ ಕೆಳಗಿಳಿಯುತ್ತದೆ. ಒಂದು ಡಿಗ್ರಿಗೆ ಹತ್ತು ಕೋಟಿಯಲ್ಲಿ ಒಂದು ಪಾಲು. 1.5 ಟೆಸ್ಲಾ ಯಂತ್ರದಲ್ಲಿ ಮೂಲ ಫ್ರೀಕ್ವೆನ್ಸಿ ಸುಮಾರು 64 ಮೆಗಾಹರ್ಟ್ಸ್, ಒಂದು ಡಿಗ್ರಿಗೆ ಆಗುವ ವ್ಯತ್ಯಾಸ 0.64 ಹರ್ಟ್ಸ್. ಇಷ್ಟು ಸಣ್ಣದನ್ನು ಹಿಡಿಯುತ್ತಾರೆ ಎನ್ನುವುದೇ ನನಗೆ ಇಂದಿಗೂ ಸೋಜಿಗ. ನೀರಿನ ಈ ಗುಣ 1966ರಲ್ಲೇ ಗೊತ್ತಾಗಿತ್ತು. ಎಂಆರ್‌ಐಯಲ್ಲಿ ಬಿಸಿಯ ನಕ್ಷೆ ತೆಗೆಯಲು ಅದನ್ನು ಬಳಸಿದ್ದು 1990ರ ದಶಕದಲ್ಲಿ. ಮಿದುಳಿನ ಗಡ್ಡೆಗೆ ಒಳಗಿನಿಂದ ಲೇಸರ್ ಕೊಡುವ ಪ್ರಯತ್ನ 1990ರ ಹೊತ್ತಿಗೇ ಶುರುವಾಗಿದ್ದರೂ ಅದು ಕೈಗೆ ಸಿಗುವ ಚಿಕಿತ್ಸೆಯಾಗಲು ಈ ನಕ್ಷೆಯೇ ಬೇಕಾಯಿತು. ಅಮೆರಿಕದಲ್ಲಿ ಈ ಎರಡು ಯಂತ್ರಗಳಿಗೆ ಅನುಮತಿ ಸಿಕ್ಕಿದ್ದು 2007 ಮತ್ತು 2009ರಲ್ಲಿ.

ಅಳತೆ ಅಂದಮೇಲೆ ಅದು ಪೂರ್ತಿ ನಿಜ ಎಂದುಕೊಳ್ಳಬೇಡಿ. ಎಂಆರ್‌ಐ ಹೇಳುವುದು ಬಿಸಿ ಎಷ್ಟು ಏರಿತು ಎಂದು ಮಾತ್ರ, ಒಟ್ಟು ಎಷ್ಟಿದೆ ಎಂದಲ್ಲ. ಶುರುವಿನಲ್ಲಿ ಮಿದುಳು 37 ಡಿಗ್ರಿ ಇತ್ತು ಎಂದು ನಾವೇ ಸೇರಿಸುತ್ತೇವೆ. ಫೈಬರ್ ಇಳಿಸುವಾಗ ಸ್ವಲ್ಪ ರಕ್ತ ಒಸರಿದ್ದರೆ ಆ ಜಾಗದಲ್ಲಿ ಸಿಗ್ನಲ್ ಕೆಡುತ್ತದೆ. ಇನ್ನೊಂದು ತೊಂದರೆ ಸಮಯದ್ದು. ಒಂದು ಚಿತ್ರ ಮೂಡಲು ಕೆಲವು ಸೆಕೆಂಡು ಬೇಕು, 8 ಸೆಕೆಂಡಿನವರೆಗೂ ಆಗಬಹುದು. ಪರದೆಯ ಮೇಲೆ ನೀವು ನೋಡುವ ಬಿಸಿ ಆಗಲೇ ಹಳೆಯದು. ಜೊತೆಗೆ ಚಿತ್ರದ ಒಂದೊಂದು ಚುಕ್ಕೆಯೂ ಅಷ್ಟು ಜಾಗದ ಸರಾಸರಿ. ಬಿಸಿ ಕಡಿದಾಗಿ ಏರಿದ ಕಡೆ ಸರಾಸರಿ ಯಾವಾಗಲೂ ತುದಿಯನ್ನು ಮುಚ್ಚಿಹಾಕುತ್ತದೆ. ಈ ಕಾರಣಗಳಿಗೇ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ 2018ರಲ್ಲಿ ಡಾಕ್ಟರುಗಳಿಗೆ ಪತ್ರ ಬರೆದು, ಪರದೆಯ ಬಿಸಿಯನ್ನೇ ಪೂರ್ತಿ ನಂಬಬೇಡಿ ಎಂದು ಎಚ್ಚರಿಸಿತು.

ಗೆರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಎರಡನೇ ಪ್ರಶ್ನೆ. ಮೊದಲೇ ಲೆಕ್ಕ ಹಾಕಿ ಮುಗಿಸಬಾರದೇ ಎಂದು ಕೇಳಿದಿರಿ. ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಬರಲೇಬೇಕಾದ ಪ್ರಶ್ನೆ ಅದು.

ಲೆಕ್ಕದಲ್ಲಿ ಎರಡು ಹಂತ. ಬೆಳಕು ಎಲ್ಲಿ ಇಂಗುತ್ತದೆ ಎಂಬುದು ಒಂದು. ಇಂಗಿದ ಬಿಸಿ ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು. ಬೆಳಕಿನ ಲೆಕ್ಕಕ್ಕೆ ಮಾಂಟೆ ಕಾರ್ಲೋ ವಿಧಾನ ಬಳಸುತ್ತಾರೆ. ಲಕ್ಷಗಟ್ಟಲೆ ಫೋಟಾನ್ (ಬೆಳಕಿನ ಕಣ) ಪೊಟ್ಟಣಗಳನ್ನು ಒಂದೊಂದಾಗಿ ಬಿಟ್ಟು, ಪ್ರತಿಯೊಂದೂ ಎಲ್ಲಿ ತಿರುಗಿತು, ಎಲ್ಲಿ ಕರಗಿತು ಎಂದು ಪಗಡೆ ಹಾಕಿದ ಹಾಗೆ ಎಣಿಸುವುದು. ಮೊದಲು ಇದಕ್ಕೆ ಗಂಟೆಗಟ್ಟಲೆ ಬೇಕಾಗುತ್ತಿತ್ತು, ಈಗ ಗೇಮ್ ಆಡುವ ಗ್ರಾಫಿಕ್ಸ್ ಕಾರ್ಡಿನಲ್ಲೇ ಬೇಗ ಮುಗಿಯುತ್ತದೆ. ಈ ಬೆಳಕು ಮಿದುಳಿನಲ್ಲಿ ನೇರವಾಗಿ ಹೋಗುವುದು ಕೆಲವು ಮಿಲಿಮೀಟರ್ ಮಾತ್ರ. ಅದರಾಚೆಗೆ ಗಡ್ಡೆ ಸುಡುವುದು ಬೆಳಕಿನಿಂದಲ್ಲ, ಒಳಗಿನಿಂದ ಹೊರಕ್ಕೆ ಸಾಗಿ ಬಂದ ಬಿಸಿಯಿಂದ.

ಆ ಬಿಸಿಯ ಲೆಕ್ಕಕ್ಕೆ ಎಲ್ಲರೂ ಬಳಸುವ ಸಮೀಕರಣ 1948ರದು. ಹ್ಯಾರಿ ಪೆನ್ಸ್ ಎಂಬ ಸಂಶೋಧಕ ಜನರ ಮುಂಗೈಗೆ ಥರ್ಮೋಕಪಲ್ (ಉಷ್ಣತೆ ಅಳೆಯುವ ಸಣ್ಣ ತಂತಿ) ಚುಚ್ಚಿ ಒಳಗಿನ ಉಷ್ಣತೆ ಅಳೆದರು. ನೀವು ಓದಿದ ಸಾಮಾನ್ಯ ಶಾಖ ಸಮೀಕರಣಕ್ಕೆ ಒಂದೇ ಒಂದು ಪದ ಹೆಚ್ಚಿಗೆ ಸೇರಿಸಿದರು. ರಕ್ತ ಹೊತ್ತೊಯ್ಯುವ ಬಿಸಿ. ಏಪ್ರಿಲ್ ಸಂಜೆ ಮಾಳಿಗೆಯ ಫರಸಿ ಮೇಲೆ ನೀರು ಹೊಯ್ಯುತ್ತೀರಲ್ಲ, ನೀರು ಹರಿದ ಕಡೆ ಕಾಲಿಡಬಹುದು, ಎರಡು ಹೆಜ್ಜೆ ಆಚೆ ಅದೇ ಶಹಾಬಾದ್ ಕಲ್ಲು ಕಾಲು ಸುಡುತ್ತದೆ. ಮಿದುಳಿನಲ್ಲಿ ರಕ್ತ ಮಾಡುವುದು ಆ ನೀರಿನ ಕೆಲಸವನ್ನೇ.

ಮೊದಲೇ ಲೆಕ್ಕ ಹಾಕಿ ಮುಗಿಸುವ ಆಸೆ ಕೈಕೊಡುವುದು ಈ ಒಂದು ಪದದಲ್ಲಿ. ಸುಮ್ನೆ ಮಾತಿನಲ್ಲಿ ಹೇಳಿದರೆ ಸಾಲದು, ನೀವೇ ಕ್ಯಾಲ್ಕುಲೇಟರ್ ಹಿಡಿದು ನೋಡಿ.

ಮಿದುಳಿನ ಬೂದು ಭಾಗದಲ್ಲಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 80 ಮಿಲಿಲೀಟರ್ ರಕ್ತ ಹರಿಯುತ್ತದೆ. ಬಿಳಿ ಭಾಗದಲ್ಲಿ ಸುಮಾರು 20. ಮಿದುಳಿನ ಶಾಖವಾಹಕತೆ ಮೀಟರಿಗೆ ಡಿಗ್ರಿಗೆ ಸುಮಾರು 0.5 ವಾಟ್. ಇವನ್ನು ಪೆನ್ಸ್ ಸಮೀಕರಣಕ್ಕೆ ಹಾಕಿದರೆ ಒಂದು ಉದ್ದ ಸಿಗುತ್ತದೆ. ರಕ್ತ ಎಳೆದೊಯ್ಯುವ ಮುಂಚೆ ಬಿಸಿ ಸಾಗಬಲ್ಲ ದೂರ ಎನ್ನಿ. ಬೂದು ಭಾಗದಲ್ಲಿ ಅದು ಸುಮಾರು 3 ಮಿಲಿಮೀಟರ್, ಬಿಳಿ ಭಾಗದಲ್ಲಿ ಸುಮಾರು 6. ಈಗ ಒಂದು ಬಿಂದುವಿನಿಂದ 6 ವಾಟ್ ಬಿಸಿ ಬಿಡುಗಡೆಯಾಗುತ್ತಿದೆ ಎಂದುಕೊಳ್ಳಿ. ಎಲ್ಲವೂ ಸ್ಥಿರವಾದ ಮೇಲೆ 10 ಮಿಲಿಮೀಟರ್ ದೂರದಲ್ಲಿ ಉಷ್ಣತೆ ಎಷ್ಟು ಏರಿರುತ್ತದೆ? ಬಿಳಿ ಭಾಗದ ರಕ್ತ ಇದ್ದರೆ 19 ಡಿಗ್ರಿ. ಬೂದು ಭಾಗದ ರಕ್ತ ಇದ್ದರೆ 4 ಡಿಗ್ರಿಗೂ ಕಡಿಮೆ.

37ಕ್ಕೆ ಕೂಡಿಸಿ ನೋಡಿ. ಒಂದು ಕಡೆ 56 ಡಿಗ್ರಿ, ಆ ಜಾಗದ ಜೀವಕೋಶ ಒಂದು ನಿಮಿಷವೂ ಉಳಿಯುವುದಿಲ್ಲ. ಇನ್ನೊಂದು ಕಡೆ 41, ಜೋರು ಜ್ವರ ಬಂದಾಗಿನ ಬಿಸಿ. ಲೇಸರ್ ಅದೇ, ದೂರ ಅದೇ, ವಾಟ್ ಅದೇ. ಬದಲಾದದ್ದು ರಕ್ತ ಮಾತ್ರ.

ಇದು ಒರಟು ಲೆಕ್ಕ, ಒಪ್ಪಿದೆ. ನಿಜವಾದ ಫೈಬರ್ ಬಿಂದುವಲ್ಲ. ಚಿಕಿತ್ಸೆ ನಡೆಯುವ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸ್ಥಿರವಾಗುವುದೂ ಇಲ್ಲ. ಆದರೆ ಗಡ್ಡೆಯೊಳಗಿನ ಪರಿಸ್ಥಿತಿ ಈ ಎರಡು ಅಂಕಿಗಳಿಗಿಂತಲೂ ಕೆಟ್ಟದು. ಗ್ಲಿಯೋಬ್ಲಾಸ್ಟೋಮಾ ಎಂಬ, ಬೇಗ ಬೆಳೆಯುವ ಮಿದುಳಿನ ಕ್ಯಾನ್ಸರ್‌ನಂಥ ಗಡ್ಡೆಯಲ್ಲಿ ಅಂಚಿನಲ್ಲಿ ಹೊಸ ರಕ್ತನಾಳಗಳು ಒತ್ತಾಗಿ ಬೆಳೆದಿರುತ್ತವೆ. ನಡುವೆ ಸತ್ತ ಭಾಗ ಇರುತ್ತದೆ, ಅಲ್ಲಿ ರಕ್ತವೇ ಇಲ್ಲ. ಪಕ್ಕದಲ್ಲಿ ದೊಡ್ಡ ರಕ್ತನಾಳ ಹಾದುಹೋಗಿದ್ದರೆ ಅದು ಆ ಬದಿಯ ಬಿಸಿಯನ್ನು ಕಾಲುವೆಯಂತೆ ಹೊತ್ತುಕೊಂಡು ಹೋಗುತ್ತದೆ. ಪೆನ್ಸ್ ಸಮೀಕರಣಕ್ಕೆ ಒಂಟಿ ನಾಳಗಳು ಕಾಣುವುದೇ ಇಲ್ಲ, ಅದು ರಕ್ತವನ್ನು ಎಲ್ಲಾ ಕಡೆ ಸಮನಾಗಿ ಹರಡಿಬಿಡುತ್ತದೆ. 1970-80ರ ದಶಕದಲ್ಲೇ ಈ ಬಗ್ಗೆ ತಕರಾರು ಎದ್ದು, ತಿದ್ದಿದ ಸಮೀಕರಣಗಳೂ ಬಂದವು. ಆದರೂ ಜನ ಹಳೆಯದನ್ನು ಬಿಟ್ಟಿಲ್ಲ. ಹೊಸವು ಕೇಳುವ ವಿವರಗಳನ್ನು ಜೀವಂತ ರೋಗಿಯಲ್ಲಿ ಅಳೆಯಲು ಆಗುವುದಿಲ್ಲ ಎನ್ನುವುದೇ ಕಾರಣ. ನನ್ನ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ. ಅಳೆಯಲಾಗದ ಹತ್ತು ಅಂಕಿಗಳಿರುವ ಚೆಂದದ ಮಾಡೆಲ್‌ಗಿಂತ, ಒಂದೇ ಅಂಕಿಯಲ್ಲಿ ತಪ್ಪುವ ಒರಟು ಮಾಡೆಲ್ ಮೇಲು. ಯಾವ ಕಡೆಗೆ ತಪ್ಪಿದ್ದೇವೆ ಎಂದಾದರೂ ಗೊತ್ತಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಲೆಕ್ಕ ಹಾಕುತ್ತಿರುವಾಗಲೇ ವಸ್ತು ಬದಲಾಗುತ್ತದೆ. ಮೊಟ್ಟೆಯ ಬಿಳಿ ಬೆಂದಾಗ ಬೆಳ್ಳಗಾಗುತ್ತದಲ್ಲ, ಬೆಂದ ಮಿದುಳಿನಲ್ಲೂ ಪ್ರೋಟೀನು ಹೆಪ್ಪುಗಟ್ಟಿ ಬೆಳಕು ಮೊದಲಿಗಿಂತ ಹಲವು ಪಟ್ಟು ಚದುರುತ್ತದೆ. ಆಗ ಬೆಳಕು ಮೊದಲಿನಷ್ಟು ಆಳಕ್ಕೆ ಹೋಗುವುದಿಲ್ಲ, ಫೈಬರ್ ಹತ್ತಿರವೇ ಬಿಸಿ ಜಮೆಯಾಗುತ್ತದೆ. ಇನ್ನೂ ಏರಿದರೆ ಅಂಗಾಂಶ ಸೀದು ಕರಿ ಹಿಡಿಯುತ್ತದೆ. ಕರಿ ಹಿಡಿದರೆ ಬೆಳಕೆಲ್ಲ ಅಲ್ಲೇ ಮುಗಿಯಿತು, ಫೈಬರೂ ಹಾಳು. ಆದ್ದರಿಂದ ಫೈಬರ್ ಪಕ್ಕದಲ್ಲಿ 90 ಡಿಗ್ರಿ ಮುಟ್ಟಿದರೆ ಲೇಸರ್ ತಾನೇ ಆಫ್ ಆಗುವಂತೆ ಸಾಮಾನ್ಯವಾಗಿ ಸೆಟ್ ಮಾಡುತ್ತಾರೆ. ಉಳಿಸಬೇಕಾದ ನರಗಳ ಹತ್ತಿರ 50 ಡಿಗ್ರಿಗೋ ಅದಕ್ಕೂ ಕಡಿಮೆಗೋ ಇನ್ನೊಂದು ಮಿತಿ ಇಡುತ್ತಾರೆ. ಇನ್ನು ರಕ್ತ. ಬೆಂದ ಜಾಗದಲ್ಲಿ ಸಣ್ಣ ನಾಳಗಳು ಮುಚ್ಚಿಹೋಗುತ್ತವೆ, ತಂಪು ಮಾಡುತ್ತಿದ್ದ ಹರಿವು ನಿಲ್ಲುತ್ತದೆ. ಅಂಚಿನಲ್ಲಿ ಇನ್ನೂ ಬೇಯದ ಕಡೆ ನಾಳಗಳು ಬಿಸಿಗೆ ಹಿಗ್ಗಿ ರಕ್ತ ಜಾಸ್ತಿಯೂ ಆಗಬಹುದು. ಒಂದೇ ಗಡ್ಡೆಯಲ್ಲಿ ಒಂದೇ ನಿಮಿಷದಲ್ಲಿ ಎರಡೂ ನಡೆಯುತ್ತವೆ. ಒಳ್ಳೆಯ ಮಾಡೆಲ್ ಪ್ರತಿ ಹೆಜ್ಜೆಗೂ ಎಷ್ಟು ಬೆಂದಿದೆ ಎಂದು ನೋಡಿ ಬೆಳಕಿನ ಗುಣವನ್ನೂ ರಕ್ತವನ್ನೂ ಬದಲಿಸುತ್ತಾ ಹೋಗಬೇಕು.

ಈಗ ಆ ಗೆರೆ. ಗೆರೆಯ ಒಳಗಿನದು ಸತ್ತಿದೆ, ಹೊರಗಿನದು ಉಳಿದಿದೆ ಎಂದು ಅದು ಹೇಳುತ್ತದೆ. ಬಿಸಿ ಮತ್ತು ಸಮಯ ಎರಡೂ ಸೇರಿ ಜೀವಕೋಶವನ್ನು ಕೊಲ್ಲುತ್ತವೆ, ಆದ್ದರಿಂದ ಬರೀ ಉಷ್ಣತೆಯ ನಕ್ಷೆ ಸಾಲದು. ಇದಕ್ಕೆ ಎರಡು ಹಳೆಯ ಲೆಕ್ಕಗಳಿವೆ. ಒಂದು 1947ರದು. ಮೋರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಹಂದಿಯ ಚರ್ಮ ಎಷ್ಟು ಡಿಗ್ರಿಗೆ ಎಷ್ಟು ಹೊತ್ತಿನಲ್ಲಿ ಸುಡುತ್ತದೆ ಎಂದು ನೋಡಿ, ಬಿಸಿ ಏರಿದಂತೆ ರಾಸಾಯನಿಕ ಕ್ರಿಯೆ ಎಷ್ಟು ಬೇಗವಾಗುತ್ತದೆ ಎಂದು ಹೇಳುವ ಕೆಮಿಸ್ಟ್ರಿಯ ಅರ್ಹೇನಿಯಸ್ ಸೂತ್ರವನ್ನು ಸುಟ್ಟಗಾಯಕ್ಕೆ ಹೊಂದಿಸಿದರು. ಇನ್ನೊಂದು 1984ರದು, ಸಪಾರೆಟೊ ಮತ್ತು ಡ್ಯೂಯಿ ಅವರದು. ಯಾವುದೇ ಬಿಸಿಯನ್ನು '43 ಡಿಗ್ರಿಯಲ್ಲಾದರೆ ಎಷ್ಟು ನಿಮಿಷಕ್ಕೆ ಸಮ' ಎಂದು ಬದಲಾಯಿಸುವ ಲೆಕ್ಕ ಇದು. 43ರ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಬೇಕಾದ ಸಮಯ ಅರ್ಧವಾಗುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಜಾ ಇದೆ. 55 ಡಿಗ್ರಿಯಲ್ಲಿ ಜೀವಕೋಶ ಸಾಯಲು ಎಷ್ಟು ಹೊತ್ತು? ಹೆನ್ರಿಕ್ಸ್ ಅಂಕಿಗಳನ್ನು ಹಾಕಿದರೆ ಸುಮಾರು 30 ಸೆಕೆಂಡು. 1984ರ ಲೆಕ್ಕದಲ್ಲಿ, 43 ಡಿಗ್ರಿಯ 240 ನಿಮಿಷವನ್ನು ಸಾವಿನ ಗಡಿ ಎಂದು ಹಿಡಿದರೆ, ಮೂರೂವರೆ ಸೆಕೆಂಡು. ಒಂಬತ್ತು ಪಟ್ಟು ಫರಕು! ಮೊದಲ ಸಲ ನೋಡಿದವರಿಗೆ ಇಡೀ ಶಾಸ್ತ್ರದ ಮೇಲೇ ಅನುಮಾನ ಬರುತ್ತದೆ. ಆದರೆ ಸಮಯದಲ್ಲಿ ಒಂಬತ್ತು ಪಟ್ಟು ಎಂದರೆ ಉಷ್ಣತೆಯಲ್ಲಿ ಬರೀ ಮೂರು ಡಿಗ್ರಿ ಚಿಲ್ಲರೆ. ಸುಟ್ಟ ಭಾಗದ ಅಂಚಿನಲ್ಲಿ ಒಂದು ಮಿಲಿಮೀಟರಿಗೆ ಎರಡು-ಮೂರು ಡಿಗ್ರಿ ಇಳಿಯುತ್ತದೆ ಎಂದುಕೊಂಡರೆ, ಎರಡು ಸೂತ್ರಗಳ ಇಡೀ ಜಗಳ ಒಂದೂವರೆ ಮಿಲಿಮೀಟರಿನೊಳಗೆ ಮುಗಿಯುತ್ತದೆ. ನ್ಯೂರೋಬ್ಲೇಟ್ ಪರದೆಯಲ್ಲಿ ಹಳದಿ, ನೀಲಿ, ಬಿಳಿ ಎಂದು ಮೂರು ಗೆರೆಗಳಿರುತ್ತವೆ. ಅವು 43 ಡಿಗ್ರಿಯ 2, 10 ಮತ್ತು 60 ನಿಮಿಷಕ್ಕೆ ಸಮನಾದ ಜಾಗಗಳು. ಹಳದಿಯಿಂದ ಬಿಳಿಗೆ ಮೂವತ್ತು ಪಟ್ಟು ಅಂತರ, ಆದರೂ ಡಿಗ್ರಿಯಲ್ಲಿ ಐದರೊಳಗೆ. ಪರದೆಯ ಮೇಲೆ ಅವು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದು ಇದಕ್ಕೇ.

ಅಂದರೆ ಜೀವಕೋಶ ಸಾಯುವ ಸೂತ್ರದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ ಮಾಡಿ, ರಕ್ತದ ಬಗ್ಗೆ ಜಾಸ್ತಿ ಮಾಡಿ. ಪ್ರಾಜೆಕ್ಟ್ ವರದಿಗಳಲ್ಲಿ ನಾನು ನೋಡುವುದು ಇದರ ಉಲ್ಟಾ. ಸೂತ್ರಕ್ಕೆ ಹತ್ತು ಪುಟ, ರಕ್ತದ ಹರಿವಿಗೆ ಟೇಬಲಿನಲ್ಲಿ ಒಂದು ಸಾಲು.

ಹಾಗಾದರೆ ಮಾಡೆಲ್‌ನಿಂದ ಏನು ಉಪಯೋಗ ಎಂದು ಕೇಳುತ್ತೀರಿ. ಇದೆ. ಫೈಬರ್ ಯಾವ ದಿಕ್ಕಿನಿಂದ ಇಳಿಸಿದರೆ ಗಡ್ಡೆಯ ಹೆಚ್ಚು ಭಾಗ ಬೇಯುತ್ತದೆ, ಒಂದು ಫೈಬರ್ ಸಾಕೋ ಎರಡು ಬೇಕೋ, ಪಕ್ಕದಲ್ಲಿ ಮಿದುಳಿನ ನೀರಿನ ಕುಳಿ ಇದ್ದರೆ ಅದು ಎಷ್ಟು ಬಿಸಿ ನುಂಗುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡಬಹುದು. ಇಲ್ಲಿ ನಿಖರ ಡಿಗ್ರಿ ಬೇಕಿಲ್ಲ, ಎರಡು ದಾರಿಗಳಲ್ಲಿ ಯಾವುದು ಮೇಲು ಎಂದು ಗೊತ್ತಾದರೆ ಸಾಕು. ರಕ್ತದ ಅಂಕಿ ತಪ್ಪಾಗಿದ್ದರೂ ಹೋಲಿಕೆ ಬಹಳ ಸಲ ಸರಿಯಾಗೇ ಬರುತ್ತದೆ, ತಪ್ಪು ಎರಡೂ ಕಡೆ ಒಂದೇ ಥರ ಇರುತ್ತದಲ್ಲ.

ಇನ್ನೊಂದು ಉಪಯೋಗ ನನಗೆ ಹೆಚ್ಚು ಇಷ್ಟ. ಲೆಕ್ಕವನ್ನೂ ಅಳತೆಯನ್ನೂ ಕೂಡಿಸುವುದು. 2000ರ ದಶಕದಲ್ಲಿ ಟೆಕ್ಸಾಸಿನ ಆಸ್ಟಿನ್ ವಿಶ್ವವಿದ್ಯಾಲಯದಲ್ಲಿ ಟಿನ್ಸ್‌ಲಿ ಓಡನ್ ಅವರ ತಂಡವೂ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯವರೂ ಸೇರಿ ಇದನ್ನು ಮಾಡಿ ತೋರಿಸಿದರು. ಹ್ಯೂಸ್ಟನ್‌ನಲ್ಲಿ ನಾಯಿಯ ಮೇಲೆ ಲೇಸರ್ ಪ್ರಯೋಗ. ಎಂಆರ್‌ಐ ಅಳೆದ ಬಿಸಿ ಕೂಡಲೇ ಆಸ್ಟಿನ್‌ನ ಸೂಪರ್‌ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿನ ಮಾಡೆಲ್ ಮೊದಲ ಕೆಲವು ಚಿತ್ರಗಳನ್ನು ನೋಡಿ ರಕ್ತದ ಹರಿವು, ಬೆಳಕು ಇಂಗುವ ಪ್ರಮಾಣ ಇಷ್ಟಿರಬೇಕು ಎಂದು ತನ್ನನ್ನು ತಾನೇ ತಿದ್ದಿಕೊಂಡು, ಮುಂದೆ ಏನಾಗುತ್ತದೆ ಎಂದು ಹೇಳುತ್ತದೆ. ಅಂದರೆ ಗೊತ್ತಿಲ್ಲದ ಅಂಕಿಯನ್ನು ಪುಸ್ತಕದಿಂದ ತರುವ ಬದಲು ಆ ಜೀವದಿಂದಲೇ ಕೇಳಿ ತಿಳಿಯುವುದು. ಚಿಕಿತ್ಸೆಯ ಶುರುವಿನಲ್ಲಿ ಡಾಕ್ಟರು ಕಡಿಮೆ ಶಕ್ತಿಯಲ್ಲಿ ಸ್ವಲ್ಪ ಹೊತ್ತು ಲೇಸರ್ ಹಚ್ಚಿ ಫೈಬರ್ ತುದಿ ಎಲ್ಲಿದೆ ಎಂದು ನೋಡುತ್ತಾರೆ. ಹಾನಿ ಮಾಡದ ಆ ಸಣ್ಣ ಬಿಸಿಯೇ ಮಾಡೆಲ್‌ಗೆ ಒಳ್ಳೆಯ ಪಾಠ ಆಗಬಲ್ಲದು.

ಎಂಆರ್‌ಐ ಒಳಗೇ ಏಕೆ ಎಂಬುದಕ್ಕೆ ಇದೇ ಉತ್ತರ. ಮಾಡೆಲ್ ನಕ್ಷೆ ಕೊಡಬಹುದು, ಆದರೆ ಲೇಸರ್ ಆಫ್ ಮಾಡುವ ತೀರ್ಮಾನ ಅಳತೆಯ ಮೇಲೇ ನಿಲ್ಲಬೇಕು. ಯಾವುದೇ ಸಾಫ್ಟ್‌ವೇರ್ ನಿಮಗೆ 'ಸುಟ್ಟ ಭಾಗದ ಅಗಲ 22 ಮಿಲಿಮೀಟರ್' ಎಂದು ಒಂದೇ ಅಂಕಿ ಕೊಟ್ಟರೆ ನಾನು ನಂಬುವುದಿಲ್ಲ. ರಕ್ತ ಇಷ್ಟಿದ್ದರೆ ಇಷ್ಟು, ಅಷ್ಟಿದ್ದರೆ ಅಷ್ಟು ಎಂದು ಹಲವು ಸಲ ಓಡಿಸಿ, 17ರಿಂದ 25ರ ನಡುವೆ ಎಂದು ಹೇಳುವ ಮಾಡೆಲ್ ಮೇಲೆ ನಂಬಿಕೆ ಜಾಸ್ತಿ.

ಮಾವನವರ ಬಗ್ಗೆ. ಈ ಚಿಕಿತ್ಸೆ ಎಲ್ಲಾ ಆಸ್ಪತ್ರೆಗಳಲ್ಲಿ ಇರುವಂಥದ್ದಲ್ಲ, ಆಯ್ಕೆಯೂ ಎಲ್ಲರಿಗೂ ಸಿಗುವುದಿಲ್ಲ. ಒಂದು ಫೈಬರಿನಿಂದ ಸುಡಬಹುದಾದ ಅಗಲ ಸುಮಾರು 3 ಸೆಂಟಿಮೀಟರಿನವರೆಗೆ. ಗಡ್ಡೆ ಅದಕ್ಕಿಂತ ದೊಡ್ಡದಾದಷ್ಟೂ ಲಾಭ ಕಡಿಮೆ, ಅಪಾಯ ಹೆಚ್ಚು. ಆದ್ದರಿಂದ ಡಾಕ್ಟರನ್ನು ಕೇಳಬೇಕಾದ ಮೊದಲ ಮಾತು ಗಡ್ಡೆ ಎಷ್ಟು ದೊಡ್ಡದು, ಯಾವ ಜಾತಿಯದು ಎಂದು. ಬಯಾಪ್ಸಿ ಮೊದಲೇ ಆಗಿದೆಯೋ, ಅದೇ ತೂತಿನಿಂದ ಅದೇ ದಿನ ತೆಗೆಯುತ್ತಾರೋ ಕೇಳಿ. ಮಾತು, ಕೈಕಾಲು, ದೃಷ್ಟಿಯ ನರಗಳು ಎಷ್ಟು ಹತ್ತಿರ ಇವೆ ಎಂದು ಕೇಳಿ. ಪೇಸ್‌ಮೇಕರ್ ಅಥವಾ ಬೇರೆ ಲೋಹ ದೇಹದಲ್ಲಿದ್ದರೆ ಮೊದಲೇ ಹೇಳಿ, ಎಂಆರ್‌ಐಗೆ ಅದು ಅಡ್ಡಿಯಾಗಬಹುದು. ಗಡ್ಡೆ ಗ್ಲಿಯೋಬ್ಲಾಸ್ಟೋಮಾ ಎಂದಾದರೆ ಲೇಸರ್ ಆದಮೇಲೂ ರೇಡಿಯೇಷನ್, ಕೀಮೋ ತಪ್ಪುವುದಿಲ್ಲ. ಲೇಸರ್ ಅದರ ಜಾಗಕ್ಕೆ ಬರುವುದಲ್ಲ.

ಎರಡು ವಿಷಯ ಮನೆಯವರಿಗೆ ಮುಂಚಿತವಾಗಿ ಹೇಳಿಡಿ. ಚಿಕಿತ್ಸೆ ಆದ ಕೆಲವು ದಿನ ಸುಟ್ಟ ಜಾಗದ ಸುತ್ತ ಊತ ಬರುತ್ತದೆ, ಅದಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಆ ಮಾತ್ರೆಯನ್ನು ಊರಿಗೆ ಬಂದ ಮೇಲೆ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಮಾವನವರಿಗೆ ಸಕ್ಕರೆ ಕಾಯಿಲೆ ಇದ್ದರೆ ಸ್ಟೀರಾಯ್ಡ್ ಅದನ್ನು ಏರಿಸುತ್ತದೆ, ನೋಡಿಕೊಳ್ಳಬೇಕು. ಇನ್ನೊಂದು, ಮೊದಲ ಸ್ಕ್ಯಾನಿನಲ್ಲಿ ಆ ಜಾಗ ಹಳೆಯ ಗಡ್ಡೆಗಿಂತ ದೊಡ್ಡದಾಗಿ ಕಾಣುವುದು ಮಾಮೂಲು. ಗಡ್ಡೆ ಬೆಳೆಯಿತು ಎಂದು ಮನೆಯಲ್ಲಿ ಅಳು ಶುರುವಾಗುತ್ತದೆ. ಅದು ಸುಟ್ಟ ಜಾಗ. ವಾರಗಳು, ತಿಂಗಳುಗಳು ಕಳೆದಂತೆ ಕುಗ್ಗುತ್ತಾ ಬರಬೇಕು. ಕುಗ್ಗದೆ ಮತ್ತೆ ಬೆಳೆದರೆ ಆಗ ಚಿಂತೆ. ಮುಂದಿನ ಸ್ಕ್ಯಾನುಗಳನ್ನು ಕಲಬುರಗಿಯಲ್ಲೇ ಮಾಡಿಸಿ ಕಳುಹಿಸಬಹುದೇ ಎಂದು ಹೈದರಾಬಾದಿನವರನ್ನು ಕೇಳಿ ನೋಡಿ. ಒಪ್ಪಿದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಓಡಾಟ ಕೆಲವು ಸಲವಾದರೂ ಉಳಿಯುತ್ತದೆ. ಸ್ಕ್ಯಾನ್ ಸೆಂಟರಿನಲ್ಲಿ ಫಿಲ್ಮ್ ಮಾತ್ರ ತರಬೇಡಿ, ಸಿಡಿಯನ್ನೂ ಇಸ್ಕೊಳ್ಳಿ. ಹಳೆಯದು-ಹೊಸದು ಅಳೆದು ಹೋಲಿಸಲು ಸಿಡಿಯೇ ಬೇಕು.

ಕೊನೆಗೆ ಪ್ರಾಜೆಕ್ಟ್. ಮಾಡಿ, ಒಳ್ಳೆಯ ವಿಷಯ. ಆದರೆ ಮಾವನವರ ಸ್ಕ್ಯಾನ್ ಇಟ್ಟುಕೊಂಡು ಅವರ ಗಡ್ಡೆಯ ಮಾಡೆಲ್ ಮಾಡಲು ಹೋಗಬೇಡಿ. ಬಂದ ಉತ್ತರ ಸರಿಯೋ ತಪ್ಪೋ ಹೋಲಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ, ಮನಸ್ಸಿಗೂ ಕಷ್ಟ. ಲೇಸರ್ ಕೂಡ ಬೇಡ. ಆನ್‌ಲೈನಿನಲ್ಲಿ 980 ನ್ಯಾನೋಮೀಟರ್ ಡಯೋಡ್ ಸಿಗುತ್ತದೆ ಎಂದು ತರಿಸಿಬಿಡುತ್ತಾರೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ರೆಪ್ಪೆ ಮುಚ್ಚುವುದಿಲ್ಲ, ಪಳಪಳಿಸುವ ಸ್ಪ್ಯಾನರಿನಿಂದ ತಿರುಗಿ ಬಂದ ಕಿರಣವೂ ದೃಷ್ಟಿ ಕಳೆಯಬಲ್ಲದು. ಸರಿಯಾದ ಲ್ಯಾಬ್ ಇಲ್ಲದೆ ಅದನ್ನು ಮುಟ್ಟಲೇಬಾರದು.

ಅದರ ಬದಲು ಅಗರ್ ಜೆಲ್ ಮಾಡಿ. ಅದು ಹೆಚ್ಚೂಕಡಿಮೆ ನೀರೇ, ಆದರೆ ಹರಿಯುವುದಿಲ್ಲ. ಒಂದು ಡಬ್ಬದಲ್ಲಿ ಹಾಕಿ ನಡುವೆ ಸಣ್ಣ ರೆಸಿಸ್ಟರ್ ಹುಗಿದು ಒಂದು ವಾಟ್ ಕೊಡಿ. 5, 10, 15 ಮಿಲಿಮೀಟರ್ ದೂರದಲ್ಲಿ ಥರ್ಮೋಕಪಲ್ ಇಡಿ. ದೂರವನ್ನು ಸರಿಯಾಗಿ ಹಿಡಿಯುವುದೇ ಇಲ್ಲಿ ಕಷ್ಟದ ಕೆಲಸ, ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ ಓಡಿಹೋಗುತ್ತದೆ. ಬಿಂದು ಶಾಖದ ಸೂತ್ರದ ಪ್ರಕಾರ 10 ಮಿಲಿಮೀಟರಿನಲ್ಲಿ ಕೊನೆಗೆ ಸುಮಾರು 13 ಡಿಗ್ರಿ ಏರಬೇಕು, ಆದರೆ ಹತ್ತು ನಿಮಿಷಕ್ಕೆ ಅದರ ಅರ್ಧವೂ ಏರಿರುವುದಿಲ್ಲ, 6 ಡಿಗ್ರಿ ಆಸುಪಾಸು ಇರುತ್ತದೆ. ನಿಮ್ಮ ಫೈನೈಟ್ ಎಲಿಮೆಂಟ್ ಮಾಡೆಲ್ ಮೊದಲು ಈ ಎರಡು ಅಂಕಿಗಳನ್ನು ಕೊಡಲಿ. ಕೊಡದಿದ್ದರೆ ಮೆಷ್ ಅಥವಾ ಟೈಮ್ ಸ್ಟೆಪ್ ನೋಡಿ. ಕಾಲೇಜಿನಲ್ಲಿ ದುಬಾರಿ ಸಾಫ್ಟ್‌ವೇರ್ ಇಲ್ಲದಿದ್ದರೆ ಫೀನಿಕ್ಸ್ (FEniCS) ಎಂಬ ಉಚಿತ ಸಾಫ್ಟ್‌ವೇರ್ ಸಾಕು, ಪೈಥಾನ್ ಬಂದರೆ ಆಯಿತು.

ಅದು ಹೊಂದಿದ ಮೇಲೆ ಎರಡನೇ ಡಬ್ಬ ಮಾಡಿ. ಅದರಲ್ಲಿ ರೆಸಿಸ್ಟರ್‌ನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಸಣ್ಣ ಸಿಲಿಕೋನ್ ಟ್ಯೂಬ್ ಹಾಯಿಸಿ ನೀರು ಹರಿಸಿ. ಅಕ್ವೇರಿಯಂ ಪಂಪ್ ಸಾಕು. ಟ್ಯೂಬಿನ ಕಡೆ ಒಂದು ಥರ್ಮೋಕಪಲ್, ಎದುರು ಬದಿಯಲ್ಲಿ ಅಷ್ಟೇ ದೂರಕ್ಕೆ ಇನ್ನೊಂದು. ಪೆನ್ಸ್ ಸಮೀಕರಣ ಎರಡೂ ಕಡೆ ಒಂದೇ ಉಷ್ಣತೆ ಹೇಳುತ್ತದೆ, ಡಬ್ಬ ಹಾಗೆ ಹೇಳುವುದಿಲ್ಲ. ಆ ಫರಕು ಎಷ್ಟು, ಪಂಪಿನ ವೇಗ ಬದಲಿಸಿದರೆ ಅದು ಹೇಗೆ ಬದಲಾಗುತ್ತದೆ ಎಂದು ಒಂದು ಗ್ರಾಫ್ ಹಾಕಿ. ನೀರಿನ ಟ್ಯಾಂಕನ್ನು ಮಾತ್ರ ಬಿಸಿಲಿಗೆ ಇಡಬೇಡಿ, ಮೇ ತಿಂಗಳ ಕಲಬುರಗಿಯಲ್ಲಿ ಅದೇ ನಲವತ್ತು ಡಿಗ್ರಿ ಮುಟ್ಟಿ ತಂಪು ಮಾಡುವ ಬದಲು ಜೆಲ್ಲನ್ನು ಬಿಸಿ ಮಾಡಿಬಿಡುತ್ತದೆ.